ಷಾಸಿಯ ಮೇಲೆ ಕೂರಿಸಿದ್ದು ಯಾರ ಹೊಣೆ?

ವಿದ್ಯುತ್ ತಂತಿ ಎಳೆಯುವ, ಕಂಬ ನೆಡುವ, ಬೀದಿದೀಪ ದುರಸ್ತಿ ಮಾಡುವ ಸಿಬ್ಬಂದಿಯ ಲಾರಿಗೂ ಸರಕು ಸಾಗಿಸುವ ಲಾರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಸರಕಿನ ಲಾರಿ ಹೊತ್ತದ್ದನ್ನು ಊರು ತಲುಪಿದ ಮೇಲೆ ಇಳಿಸಿ ಖಾಲಿಯಾಗುತ್ತದೆ. ಕಂಬದ ಕೆಲಸದ ಲಾರಿ ತನ್ನ ಉಪಕರಣಗಳನ್ನು ವರ್ಷಗಟ್ಟಲೆ ಮೈಮೇಲೆ ಹೊತ್ತುಕೊಂಡೇ ಓಡುತ್ತದೆ. ಅಮೆರಿಕದಲ್ಲಿ ಯುಟಿಲಿಟಿ ಟ್ರಕ್ ಎಂಬ ಒಟ್ಟು ಹೆಸರಿನಿಂದ ಕರೆಯುವ ಈ ವಾಹನಗಳಲ್ಲಿ ಎರಡು ಬಗೆ ಮುಖ್ಯ: ಕೆಲಸಗಾರನನ್ನು ತೊಟ್ಟಿಯಂಥ ಬುಟ್ಟಿಯಲ್ಲಿ ನಿಲ್ಲಿಸಿ ತಂತಿಯ ಎತ್ತರಕ್ಕೆ ಒಯ್ಯುವ ಬಕೆಟ್ ಟ್ರಕ್ ಮತ್ತು ನೆಲ ಕೊರೆದು ಕಂಬವನ್ನು ಎತ್ತಿ ನಿಲ್ಲಿಸುವ ಡಿಗರ್ ಡೆರಿಕ್. ಹೈಡ್ರಾಲಿಕ್ ಒತ್ತಡದಿಂದ ಮೇಲೇಳುವ ಉದ್ದನೆಯ ತೋಳು, ಅಂದರೆ ಬೂಮ್, ಎರಡರಲ್ಲೂ ಇರುತ್ತದೆ. ತೋಳು ಹೊರಚಾಚಿದಾಗ ಲಾರಿ ಮಗುಚದಂತೆ ನೆಲಕ್ಕೆ ಊರುವ ಔಟ್‌ರಿಗರ್ ಎಂಬ ಕಾಲುಗಳು, ಆ ಕಾಲುಗಳ ಕೆಳಗೆ ಹಾಸುವ ದಪ್ಪ ಹಲಗೆಗಳು, ಹಲಗೆಗಳನ್ನು ಇಟ್ಟುಕೊಳ್ಳುವ ಗೂಡುಗಳು, ಸಾಮಾನಿನ ಪೆಟ್ಟಿಗೆಗಳು, ಏಣಿ ಕಟ್ಟುವ ಚೌಕಟ್ಟು, ಹಗ್ಗ ಸುತ್ತುವ ವಿಂಚ್ ಇವೆಲ್ಲವೂ ಬೋಲ್ಟ್, ಬೆಸುಗೆ ಮತ್ತು ಚಿಲಕಗಳ ಬಲದಿಂದಲೇ ನಿಂತಿರುತ್ತವೆ. ಇವುಗಳಲ್ಲಿ ಒಂದು ಹಿಡಿತ ಸಡಿಲವಾಗಿ, ಓಡುತ್ತಿರುವ ಲಾರಿಯಿಂದ ಉಪಕರಣ ಕಳಚಿ ಬೀಳುವ ಸಂಭವವಿದೆಯೆಂದು ಗೊತ್ತಾದಾಗ, ತಯಾರಕರು ಆ ಮಾದರಿಯ ಲಾರಿಗಳನ್ನು ದುರಸ್ತಿಗಾಗಿ ವಾಪಸ್ ಕರೆಸಬೇಕಾಗುತ್ತದೆ. ಲಕ್ಷಗಟ್ಟಲೆ ಕಾರುಗಳ ರೀಕಾಲ್ ಸುದ್ದಿಯಾಗುವಂತೆ ಇದು ಸುದ್ದಿಯಾಗುವುದಿಲ್ಲ. ಎಷ್ಟೋ ಸಲ ಇದರ ವ್ಯಾಪ್ತಿ ಕೆಲವು ನೂರು ಲಾರಿಗಳನ್ನು ದಾಟುವುದಿಲ್ಲ. ಆದರೂ ದೋಷ ಯಾರದು, ಸರಿಪಡಿಸಬೇಕಾದವರು ಯಾರು ಎಂಬ ಪ್ರಶ್ನೆ ಇಲ್ಲಿ ಸಿಕ್ಕಾಗುವಷ್ಟು ಕಾರುಗಳ ವಿಷಯದಲ್ಲಿ ಆಗುವುದು ಅಪರೂಪ.

ಈ ಸಿಕ್ಕಿಗೆ ಕಾರಣ ಲಾರಿ ತಯಾರಾಗುವ ರೀತಿಯಲ್ಲೇ ಇದೆ. ಫೋರ್ಡ್, ಫ್ರೈಟ್‌ಲೈನರ್, ಇಂಟರ್‌ನ್ಯಾಷನಲ್ ಮುಂತಾದ ಕಂಪನಿಗಳು ಎಂಜಿನ್, ಚಕ್ರಗಳು, ಚಾಲಕನ ಕೋಣೆ ಮತ್ತು ಹಿಂದಕ್ಕೆ ಚಾಚಿದ ಎರಡು ಉಕ್ಕಿನ ತೊಲೆಗಳಷ್ಟೇ ಇರುವ ಷಾಸಿಯನ್ನು ಕಾರ್ಖಾನೆಯಿಂದ ಹೊರಗೆ ಕಳುಹಿಸುತ್ತವೆ. ಕಾನೂನಿನ ಕಣ್ಣಿನಲ್ಲಿ ಅದು ಅಪೂರ್ಣ ವಾಹನ. ಅದರ ಮೇಲೆ ಬೂಮ್ ಕೂರಿಸುವ ಕೆಲಸವನ್ನು ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಆಲ್ಟೆಕ್, ಟೆಕ್ಸಸ್‌ನ ವೇಕೋದ ಟೈಮ್ ಮ್ಯಾನುಫ್ಯಾಕ್ಚರಿಂಗ್‌ನಂಥ ಕಂಪನಿಗಳು ಮಾಡುತ್ತವೆ. ಪೆಟ್ಟಿಗೆಗಳ ಸಾಲಿರುವ ಬಾಡಿಯನ್ನು ಬೇರೆಯವರು ಕಟ್ಟಿಕೊಡುವುದೂ ಉಂಟು. 1848ರಲ್ಲಿ ಕುದುರೆಗಾಡಿ ಮಾಡುವ ಕಾರ್ಖಾನೆಯಾಗಿ ಶುರುವಾದ ಇಲಿನಾಯ್ ರಾಜ್ಯದ ನಾಪ್‌ಹೈಡ್ ಇಂದಿಗೂ ಬಾಡಿ ಕಟ್ಟುವ ದೊಡ್ಡ ಹೆಸರುಗಳಲ್ಲೊಂದು. ಹೀಗೆ ಒಂದು ಲಾರಿ ಗಿರಾಕಿಯ ಕೈಸೇರುವ ಹೊತ್ತಿಗೆ ಅದರ ಮೇಲೆ ಮೂರು ನಾಲ್ಕು ಕಂಪನಿಗಳ ಕೆಲಸ ನಡೆದಿರುತ್ತದೆ. ಅಮೆರಿಕದ ನಿಯಮಗಳು ಇವರನ್ನು ಅಪೂರ್ಣ ವಾಹನದ ತಯಾರಕ, ಮಧ್ಯಂತರ ಹಂತದ ತಯಾರಕ, ಅಂತಿಮ ಹಂತದ ತಯಾರಕ ಎಂದು ವಿಂಗಡಿಸುತ್ತವೆ. ಷಾಸಿ ಮಾಡಿದವರು ತೊಲೆಯ ಮೇಲೆ ಎಷ್ಟು ತೂಕ ಹೇರಬಹುದು, ಯಾವ ಮಿತಿಯೊಳಗೆ ಕಟ್ಟಿದರೆ ವಾಹನ ಸುರಕ್ಷತಾ ಮಾನದಂಡಕ್ಕೆ ಒಪ್ಪುತ್ತದೆ ಎಂಬುದನ್ನು ವಿವರಿಸುವ ದಾಖಲೆಯನ್ನು ಜೊತೆಗೆ ಕೊಡಬೇಕು, ಕೊನೆಯಲ್ಲಿ ಪೂರ್ತಿಗೊಳಿಸಿದವರು ಮಾನದಂಡ ಪಾಲನೆಯ ಪ್ರಮಾಣಪಟ್ಟಿಯನ್ನು ವಾಹನಕ್ಕೆ ಅಂಟಿಸಬೇಕು. ಈ ಏರ್ಪಾಡು ಚೊಕ್ಕವಾಗಿಯೇ ಇದೆ. ಆದರೆ ಉಪಕರಣ ಸಡಿಲಗೊಳ್ಳುವುದು ಹೆಚ್ಚಾಗಿ ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗದಲ್ಲಿ, ಅಂದರೆ ತೊಲೆಗೂ ಬಾಡಿಗೂ, ಬಾಡಿಗೂ ಪೆಟ್ಟಿಗೆಗೂ ನಡುವಿನ ಜೋಡಣೆಯಲ್ಲಿ. ಅಲ್ಲಿ ಬಿಗಿದಿರುವ ಬೋಲ್ಟು ಎರಡು ಕಂಪನಿಗಳಿಗೂ ಸೇರಿದ್ದು.

ಆ ಬೋಲ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೋಲ್ಟು ಎರಡು ತಗಡುಗಳನ್ನು ಗೂಟದಂತೆ ಚುಚ್ಚಿ ಹಿಡಿಯುತ್ತದೆಂಬ ಸಾಮಾನ್ಯ ಗ್ರಹಿಕೆ ಸರಿಯಲ್ಲ. ನಟ್ಟನ್ನು ಬಿಗಿಯುತ್ತ ಹೋದಂತೆ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಮತ್ತೆ ಮೊದಲಿನ ಉದ್ದಕ್ಕೆ ಮರಳಲು ಹವಣಿಸುತ್ತ ಎರಡು ತಗಡುಗಳನ್ನು ಒಂದಕ್ಕೊಂದು ಅದುಮುತ್ತದೆ. ಆ ಅದುಮುವಿಕೆಯಿಂದ ಹುಟ್ಟುವ ಘರ್ಷಣೆಯೇ ಜೋಡಣೆಯನ್ನು ಜಾರದಂತೆ ತಡೆಯುತ್ತದೆ. 16 ಮಿಲಿಮೀಟರ್ ದಪ್ಪದ, ಸಾಮಾನ್ಯವಾಗಿ ಬಳಕೆಯಲ್ಲಿರುವ 8.8 ದರ್ಜೆಯ ಉಕ್ಕಿನ ಬೋಲ್ಟನ್ನು ಸರಿಯಾಗಿ ಬಿಗಿದರೆ ಈ ಅದುಮುವ ಬಲ ಸುಮಾರು ಏಳು ಟನ್ ಭಾರಕ್ಕೆ ಸಮನಾಗುತ್ತದೆ. ಇಷ್ಟು ಬಲ ಹುಟ್ಟುವುದಕ್ಕೆ ಬೋಲ್ಟು ಹಿಗ್ಗಬೇಕಾದದ್ದು ಎಷ್ಟು ಎಂದು ಲೆಕ್ಕ ಹಾಕಿದರೆ, ಹಿಡಿತದ ಉದ್ದ 40 ಮಿಲಿಮೀಟರ್ ಇದ್ದಲ್ಲಿ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಜೋಡಿಸಿದ ತಗಡುಗಳ ನಡುವೆ ದಪ್ಪನೆಯ ಬಣ್ಣದ ಪದರವಿದ್ದು, ಕೆಲವು ವಾರಗಳ ಓಡಾಟದಲ್ಲಿ ಅದು ನಲುಗಿ ಅಷ್ಟೇ ತೆಳುವಾದರೂ ಸಾಕು, ಬೋಲ್ಟಿನ ಹಿಗ್ಗು ಪೂರ್ತಿ ಕರಗಿಹೋಗುತ್ತದೆ. ನಟ್ಟು ಒಂದಿಷ್ಟೂ ತಿರುಗಿರುವುದಿಲ್ಲ, ಮೇಲಿಂದ ನೋಡಿದವರಿಗೆ ಎಲ್ಲವೂ ಇದ್ದಹಾಗೇ ಇರುತ್ತದೆ, ಆದರೆ ಹಿಡಿತ ಮಾತ್ರ ಹೋಗಿರುತ್ತದೆ. ಬಾಡಿ ಮತ್ತು ತೊಲೆಯ ನಡುವೆ ಮರದ ಪಟ್ಟಿಯನ್ನೋ ಪ್ಲಾಸ್ಟಿಕ್ ಪಟ್ಟಿಯನ್ನೋ ಕೊಟ್ಟ ಕಡೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಮರ ಒಣಗಿ ಕುಗ್ಗುತ್ತದೆ, ಪ್ಲಾಸ್ಟಿಕ್ ಒತ್ತಡದಡಿ ನಿಧಾನವಾಗಿ ಹರಡಿಕೊಳ್ಳುತ್ತದೆ. ಹೊಸ ಲಾರಿಯನ್ನು ಕೆಲವು ನೂರು ಕಿಲೋಮೀಟರ್ ಓಡಿಸಿದ ಬಳಿಕ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂದು ಬಾಡಿ ಕಟ್ಟುವವರು ಕೈಪಿಡಿಯಲ್ಲಿ ಬರೆಯುವುದು ಇದಕ್ಕಾಗಿಯೇ; ಆ ಒಂದು ಸಾಲನ್ನು ಓದದೆ ಬಿಟ್ಟ ಗ್ಯಾರೇಜುಗಳಲ್ಲಿ ಎಷ್ಟೋ ಅನಾಹುತಗಳಿಗೆ ಬೀಜ ಬೀಳುತ್ತದೆ.

ಬಿಗಿಯುವ ಕೆಲಸದಲ್ಲೂ ಮೋಸ ಹೋಗುವ ಅವಕಾಶ ದೊಡ್ಡದು. ಸ್ಪ್ಯಾನರಿನಿಂದ ಹಾಕುವ ತಿರುಚು ಬಲವನ್ನು ಟಾರ್ಕ್ ಎನ್ನುತ್ತಾರೆ. ಈ ಬಲದಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಬೋಲ್ಟನ್ನು ಹಿಗ್ಗಿಸುವುದಕ್ಕೆ ಉಪಯೋಗವಾಗಿ, ಉಳಿದದ್ದೆಲ್ಲ ನಟ್ಟಿನ ಅಡಿಯಲ್ಲೂ ಮರೆಯ, ಅಂದರೆ ಥ್ರೆಡ್ಡಿನ, ಸುತ್ತುಗಳಲ್ಲೂ ಘರ್ಷಣೆಗೆ ವ್ಯಯವಾಗುತ್ತದೆ. ಆದ್ದರಿಂದ ಮರೆಗೆ ಎಣ್ಣೆ ಸವರಿದ್ದರೆ ಒಂದು ಫಲ, ತುಕ್ಕು ಹಿಡಿದಿದ್ದರೆ ಇನ್ನೊಂದು ಫಲ. ಟಾರ್ಕ್ ರೆಂಚು ತೋರಿಸುವ ಅಂಕಿ ಎರಡರಲ್ಲೂ ಒಂದೇ. ಸರಿಯಾಗಿ ಬಿಗಿದ ನಟ್ಟು ಕೂಡ ತಾನಾಗಿ ಬಿಚ್ಚಿಕೊಳ್ಳುವುದು ಹೇಗೆ ಎಂಬುದನ್ನು 1969ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ ತೋರಿಸಿಕೊಟ್ಟರು. ಬೋಲ್ಟಿನ ಉದ್ದಕ್ಕೆ ಎಳೆದು ಬಿಡುವ ಅದುರುವಿಕೆಗಿಂತ ಅದಕ್ಕೆ ಅಡ್ಡಲಾಗಿ, ಅಂದರೆ ತಗಡುಗಳು ಒಂದರ ಮೇಲೊಂದು ಪಕ್ಕಕ್ಕೆ ಸರಿದಾಡುವಂತೆ ಮಾಡುವ ಅದುರುವಿಕೆ ಹೆಚ್ಚು ಅಪಾಯಕಾರಿ; ಪ್ರತಿ ಸರಿದಾಟದಲ್ಲೂ ಮರೆಯ ಘರ್ಷಣೆ ಕ್ಷಣಕಾಲ ಸಡಿಲವಾಗಿ ನಟ್ಟು ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ಈ ಪರೀಕ್ಷೆಗೆ ಇಂದಿಗೂ ಅವರದೇ ಹೆಸರಿದೆ. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಕೊಟ್ಟರೆ ಸಾಕು ಎಂಬ ವರ್ಕ್‌ಶಾಪಿನ ನಂಬಿಕೆ ಈ ಪರೀಕ್ಷೆಯ ಮುಂದೆ ನಿಲ್ಲಲಿಲ್ಲ.

ಯುಟಿಲಿಟಿ ಟ್ರಕ್ಕಿನ ದಿನಚರಿಯನ್ನು ಗಮನಿಸಿದರೆ ಇಂಥ ಅಡ್ಡ ಸರಿದಾಟಕ್ಕೆ ಅದಕ್ಕಿಂತ ಹೆಚ್ಚು ಗುರಿಯಾಗುವ ವಾಹನ ಕಡಿಮೆ ಎಂದು ಹೇಳಬಹುದು. ತಂತಿ ಮಾರ್ಗದ ಪಕ್ಕದ ಹಳ್ಳ ದಿಣ್ಣೆಗಳಲ್ಲಿ ಚಲಿಸುವಾಗ ಷಾಸಿಯ ಎರಡು ತೊಲೆಗಳು ಬೇರೆಬೇರೆ ದಿಕ್ಕಿಗೆ ತಿರುಚಿಕೊಳ್ಳುತ್ತವೆ, ಮೇಲಿನ ಬಾಡಿ ಅಷ್ಟಾಗಿ ಬಾಗದ ಗಡಸು ರಚನೆಯಾಗಿದ್ದು ಆ ತಿರುಚುವಿಕೆಯನ್ನು ತಡೆಯುತ್ತದೆ, ಇವೆರಡರ ಜಗ್ಗಾಟವನ್ನೆಲ್ಲ ನಡುವಿನ ಬೋಲ್ಟುಗಳು ತಾಳಿಕೊಳ್ಳಬೇಕು. ತೊಲೆಯ ಅಂಚುಗಳಲ್ಲಿ ತೂತು ಕೊರೆದರೆ ತೊಲೆಯೇ ಸೀಳುತ್ತದೆಂಬ ಕಾರಣಕ್ಕೆ ಷಾಸಿ ತಯಾರಕರು ಅದನ್ನು ನಿಷೇಧಿಸಿರುತ್ತಾರೆ; ಹೀಗಾಗಿ ತೊಲೆಯನ್ನು ಬಳಸಿ ಬಿಗಿಯುವ ಯು ಆಕಾರದ ಬೋಲ್ಟುಗಳ ಮೊರೆ ಹೋಗುವುದುಂಟು, ಇವು ಘರ್ಷಣೆಯೊಂದನ್ನೇ ನಂಬಿ ನಿಲ್ಲುವಂಥವು. ಅನುಭವವಿರುವ ಮೆಕ್ಯಾನಿಕ್ ಜೋಡಣೆ ಅಲುಗಾಡುತ್ತಿರುವುದನ್ನು ಸ್ಪ್ಯಾನರ್ ಹಾಕುವ ಮೊದಲೇ ಹೇಳಬಲ್ಲ. ಬೋಲ್ಟಿನ ತಲೆಯ ಸುತ್ತ ಬಣ್ಣ ಬಿರಿದು, ಅಲ್ಲಿಂದ ಕೆಳಕ್ಕೆ ಕಂದು ಬಣ್ಣದ ಸಣ್ಣ ತುಕ್ಕಿನ ಗೆರೆ ಇಳಿದಿದ್ದರೆ ಒಳಗೆ ಉಕ್ಕು ಉಕ್ಕನ್ನು ಉಜ್ಜುತ್ತಿದೆ ಎಂದರ್ಥ. ಬಿಗಿದ ಮೇಲೆ ನಟ್ಟಿನಿಂದ ತಗಡಿನವರೆಗೆ ಒಂದೇ ಗೆರೆಯಾಗಿ ಬಣ್ಣ ಎಳೆದಿಡುವ ಪದ್ಧತಿಯೂ ಇದೆ. ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ ಎಂಬುದು ಯಾರಿಗಾದರೂ ಕಾಣುತ್ತದೆ. ಆದರೆ ಮೇಲೆ ಹೇಳಿದಂತೆ ಬಣ್ಣದ ಪದರ ನಲುಗಿ ಹಿಡಿತ ಹೋದ ಕಡೆ ಈ ಗೆರೆ ತುಂಡಾಗುವುದಿಲ್ಲ, ಅಲ್ಲಿ ಟಾರ್ಕ್ ರೆಂಚಿನ ಪರೀಕ್ಷೆಯೊಂದೇ ದಾರಿ.

ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುತ್ತದೆ. ಮುಂದಿನ ಲಾರಿಯಿಂದ ಔಟ್‌ರಿಗರಿನ ಹಲಗೆ ಬಿದ್ದದ್ದನ್ನು ಚಾಲಕ ಗುರುತಿಸಿ ಬ್ರೇಕಿಗೆ ಕಾಲಿಡುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 40 ಮೀಟರಿಗಿಂತ ಹೆಚ್ಚು ದೂರ, ಕಳೆದಿರುತ್ತದೆ. ಅಮೆರಿಕದ ಎಎಎ ಸಂಚಾರ ಸುರಕ್ಷತಾ ಪ್ರತಿಷ್ಠಾನ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2011ರಿಂದ 2014ರವರೆಗಿನ ನಾಲ್ಕು ವರ್ಷಗಳಲ್ಲಿ ರಸ್ತೆಗೆ ಬಿದ್ದ ವಸ್ತುಗಳಿಂದ ಆ ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಅಪಘಾತಗಳು ಸಂಭವಿಸಿ 500ಕ್ಕೂ ಹೆಚ್ಚು ಜನ ಸತ್ತರು, ಸುಮಾರು 39,000 ಜನ ಗಾಯಗೊಂಡರು; ಸತ್ತವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವರ ಸಾವಿಗೆ ವಸ್ತುವಿನಿಂದ ತಪ್ಪಿಸಿಕೊಳ್ಳಲು ಚಾಲಕರು ವಾಹನವನ್ನು ಒಮ್ಮೆಲೇ ಪಕ್ಕಕ್ಕೆ ತಿರುಗಿಸಿದ್ದು ಕಾರಣವಾಗಿತ್ತು. ಇದರಲ್ಲಿ ಹಾಸಿಗೆಯಿಂದ ಟೈರಿನವರೆಗೆ ಬಗೆಬಗೆಯ ವಸ್ತುಗಳು ಸೇರಿವೆ, ಯುಟಿಲಿಟಿ ಟ್ರಕ್ಕುಗಳ ಪಾಲು ಸಣ್ಣದೇ ಇರಬಹುದು. ಆದರೆ ಈ ಬಗೆಯ ದೋಷದಲ್ಲಿ ಪೆಟ್ಟು ತಿನ್ನುವವನು ಲಾರಿಯನ್ನು ಕೊಂಡವನೂ ಅಲ್ಲ, ಓಡಿಸಿದವನೂ ಅಲ್ಲ. ಹಿಂದಿನಿಂದ ಬರುತ್ತಿದ್ದ, ಲಾರಿಯೊಡನೆ ಯಾವ ಸಂಬಂಧವೂ ಇಲ್ಲದ ಮೂರನೆಯವನು. ಕೊಳ್ಳುವವರ ಜಾಗರೂಕತೆಗೆ ಬಿಟ್ಟು ಕೂರಲಾಗದ ವಿಷಯ ಇದಾಗಿರುವುದರಿಂದಲೇ ಕಾನೂನಿನ ಒತ್ತಾಯ ಅವಶ್ಯ.

ಆ ಕಾನೂನು 1966ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅಂಕಿತ ಹಾಕಿದ ರಾಷ್ಟ್ರೀಯ ಸಂಚಾರ ಮತ್ತು ಮೋಟಾರು ವಾಹನ ಸುರಕ್ಷತಾ ಕಾಯ್ದೆ. ಅದನ್ನು ಜಾರಿಗೊಳಿಸುವ ಹೊಣೆ 1970ರಿಂದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಮೇಲಿದೆ. ದೋಷ ಎಂದರೇನು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬಂದದ್ದು 1975ರಲ್ಲಿ, ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಜನರಲ್ ಮೋಟಾರ್ಸ್ ವಿರುದ್ಧದ ಪ್ರಕರಣವೊಂದರಲ್ಲಿ ನೀಡಿದ ತೀರ್ಪಿನಿಂದ. 1960ರ ದಶಕದ ಆರಂಭದ ಪಿಕಪ್ ಟ್ರಕ್ಕುಗಳ ಚಕ್ರಗಳು ಮುರಿಯುತ್ತಿದ್ದವು. ಕೊಂಡವರು ಟ್ರಕ್ಕಿನ ಮೇಲೆ ವಾಸದ ಗೂಡುಗಳನ್ನು ಕೂರಿಸಿ ಅತಿಭಾರ ಹೇರಿದ್ದೇ ಕಾರಣ, ಚಕ್ರದಲ್ಲಿ ತಪ್ಪಿಲ್ಲ ಎಂಬುದು ಕಂಪನಿಯ ವಾದವಾಗಿತ್ತು. ಗಣನೀಯ ಸಂಖ್ಯೆಯಲ್ಲಿ ಭಾಗಗಳು ವಿಫಲವಾಗಿದ್ದರೆ ದೋಷವಿದೆಯೆಂದು ಹೇಳಲು ಅಷ್ಟು ಸಾಕು, ಜನ ವಾಹನವನ್ನು ಸಾಮಾನ್ಯವಾಗಿ ಹೇಗೆ ಬಳಸುತ್ತಾರೆ, ಎಷ್ಟರಮಟ್ಟಿಗೆ ದುರ್ಬಳಕೆ ಮಾಡುತ್ತಾರೆ ಎಂಬುದನ್ನು ತಯಾರಕರು ಮೊದಲೇ ಊಹಿಸಿರಬೇಕು ಎಂಬ ನಿಲುವನ್ನು ನ್ಯಾಯಾಲಯ ತಳೆಯಿತು. ಮೇಲೆ ಏನನ್ನೋ ಹೊರುವುದಕ್ಕಾಗಿಯೇ ಇರುವ ವಾಹನದ ವಿಷಯದಲ್ಲಿ ಈ ತತ್ತ್ವದ ಬೆಲೆ ದೊಡ್ಡದು. ಗ್ಯಾರೇಜಿನವರು ಮತ್ತೆ ಬಿಗಿಯಲಿಲ್ಲ ಎಂಬ ಸಬೂಬನ್ನು, ಅನೇಕ ಗ್ಯಾರೇಜುಗಳಲ್ಲಿ ಅದೇ ಆಗುತ್ತಿದ್ದರೆ, ಕಂಪನಿ ಸುಲಭವಾಗಿ ಮುಂದಿಡಲಾಗದು.

ಸುರಕ್ಷತೆಗೆ ಸಂಬಂಧಿಸಿದ ದೋಷವಿದೆಯೆಂದು ತಯಾರಕರು ನಿರ್ಣಯಿಸಿದ ದಿನದಿಂದ ಐದು ಕೆಲಸದ ದಿನಗಳೊಳಗೆ ಆಡಳಿತಕ್ಕೆ ವರದಿ ಕೊಡಬೇಕು. ಎಷ್ಟು ವಾಹನಗಳು, ಅವುಗಳಲ್ಲಿ ನೂರಕ್ಕೆ ಎಷ್ಟರಲ್ಲಿ ದೋಷವಿರುವ ಅಂದಾಜು, ದೋಷ ತಿಳಿದುಬಂದ ಬಗೆ, ಪರಿಹಾರ ಇವೆಲ್ಲ ಅದರಲ್ಲಿರಬೇಕು. ನಂತರ 60 ದಿನಗಳೊಳಗೆ ಮಾಲೀಕರಿಗೆ ಪತ್ರ ಹೋಗಬೇಕು, ಸರಿಪಡಿಸುವ ವಿಧಾನ ಇನ್ನೂ ಸಿದ್ಧವಿಲ್ಲದಿದ್ದರೂ ಎಚ್ಚರಿಕೆಯ ಪತ್ರವನ್ನು ತಡೆಯುವಂತಿಲ್ಲ. ದುರಸ್ತಿ ಉಚಿತ. ಪ್ರತಿ ರೀಕಾಲ್‌ಗೂ ವರ್ಷದ ಅಂಕಿಯಿಂದ ಶುರುವಾಗುವ ಒಂದು ಸಂಖ್ಯೆ ಸಿಗುತ್ತದೆ. ಅದರ ನಡುವೆ ವಿ ಅಕ್ಷರವಿದ್ದರೆ ವಾಹನದ ರೀಕಾಲ್, ಇ ಇದ್ದರೆ ಉಪಕರಣದ್ದು. ಲಾರಿ ಮೊದಲ ಸಲ ಮಾರಾಟವಾಗುವ ಮೊದಲೇ ಕೂರಿಸಿದ ಪೆಟ್ಟಿಗೆ ವಾಹನದ ಭಾಗವೆನಿಸಿಕೊಳ್ಳುತ್ತದೆ, ಬಿಡಿಯಾಗಿ ಕೊಂಡು ಆಮೇಲೆ ಜೋಡಿಸಿದ್ದು ಉಪಕರಣವೆನಿಸಿಕೊಳ್ಳುತ್ತದೆ. ಹಲವು ಹಂತಗಳಲ್ಲಿ ತಯಾರಾದ ವಾಹನದ ವಿಷಯದಲ್ಲಿ, ತಯಾರಕರಲ್ಲಿ ಯಾರಾದರೊಬ್ಬರು ವರದಿಯ ಕರ್ತವ್ಯ ಪೂರೈಸಿದರೆ ಎಲ್ಲರೂ ಪೂರೈಸಿದಂತೆ ಎಂದು ನಿಯಮ ಒಪ್ಪುತ್ತದೆ. ಒಂದೇ ಕೆಲಸವನ್ನು ಮೂವರು ಮಾಡುವುದನ್ನು ತಪ್ಪಿಸುವ ಈ ಸೌಲಭ್ಯದ ಹಿಂದೆ, ಇನ್ನೊಬ್ಬರು ಮಾಡಿಯಾರು ಎಂದು ಮೂವರೂ ಕಾಯುತ್ತ ಕೂರುವ ಅಪಾಯವೂ ಇದೆ. ಕಾಗದದ ಮೇಲೆ ಹೊಣೆ ಎಲ್ಲರದೂ ಆಗಿದ್ದಾಗ, ಮೊದಲ ದೂರು ಯಾರ ಮೇಜಿಗೆ ಬರುತ್ತದೆ ಮತ್ತು ಆ ಮೇಜಿನಲ್ಲಿ ಕೂತವರು ಅದನ್ನು ಎಷ್ಟು ಗಂಭೀರವಾಗಿ ಓದುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ.

ಪತ್ರ ತಲುಪಿದ ಮಾತ್ರಕ್ಕೆ ಲಾರಿ ದುರಸ್ತಿಗೆ ಬರುತ್ತದೆಂದು ಹೇಳಲಾಗುವುದಿಲ್ಲ. ಪತ್ರ ಹೋಗುವುದು ವಿದ್ಯುತ್ ಕಂಪನಿಯ ನೋಂದಾಯಿತ ವಿಳಾಸಕ್ಕೆ, ಲಾರಿ ಇರುವುದು ಎಲ್ಲೋ ದೂರದ ಡಿಪೋದಲ್ಲಿ. ಚಂಡಮಾರುತದ ಋತುವಿನಲ್ಲಂತೂ ಒಂದು ರಾಜ್ಯದ ಸಿಬ್ಬಂದಿ ಇನ್ನೊಂದು ರಾಜ್ಯದ ನೆರವಿಗೆ ಸಾಲುಗಟ್ಟಿ ಸಾವಿರಾರು ಕಿಲೋಮೀಟರ್ ಹೋಗುವುದರಿಂದ, ಸಡಿಲವಾದ ಜೋಡಣೆ ಅತಿ ಹೆಚ್ಚು ವೇಗದಲ್ಲಿ ಅತಿ ಹೆಚ್ಚು ದೂರ ಓಡುವುದೂ, ಲಾರಿಯನ್ನು ವರ್ಕ್‌ಶಾಪಿಗೆ ಬಿಡಲು ಯಾರಿಗೂ ಪುರುಸೊತ್ತಿಲ್ಲದಿರುವುದೂ ಒಂದೇ ಕಾಲದಲ್ಲಿ. ತಯಾರಕರೇ ತಮ್ಮ ಮೆಕ್ಯಾನಿಕ್‌ಗಳನ್ನು ಡಿಪೋಗಳಿಗೆ ಕಳುಹಿಸಿ ದುರಸ್ತಿ ಮಾಡಿಸಿದರೆ ಇದಕ್ಕೆ ತಕ್ಕಮಟ್ಟಿಗೆ ಪರಿಹಾರ ಸಿಗುತ್ತದೆ, ಮತ್ತು ಅದೇ ಸರಿಯಾದ ಕ್ರಮ. ವಾಹನದ 17 ಅಕ್ಷರಗಳ ಗುರುತಿನ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಕೊಟ್ಟು ಬಾಕಿ ಇರುವ ರೀಕಾಲ್ ತಿಳಿಯುವ ವ್ಯವಸ್ಥೆ 2014ರಲ್ಲಿ ಬಂತಾದರೂ, ಅದರಲ್ಲಿ ಮಾಹಿತಿ ಒದಗಿಸುವ ಕಡ್ಡಾಯ ಇರುವುದು ದೊಡ್ಡ ಪ್ರಮಾಣದಲ್ಲಿ ಹಗುರ ವಾಹನ ಮತ್ತು ಮೋಟಾರ್ ಸೈಕಲ್ ತಯಾರಿಸುವವರಿಗೆ ಮಾತ್ರ. ಲಾರಿಗಳ ಮೇಲೆ ಉಪಕರಣ ಕೂರಿಸುವ ಸಣ್ಣ ಕಂಪನಿಗಳು ಅದರ ಹೊರಗೆ ಉಳಿದಿವೆ. ವಿದ್ಯುತ್ ಕಂಪನಿ ಹರಾಜು ಹಾಕಿದ ಲಾರಿಯನ್ನು ಮರ ಕಡಿಯುವ ಗುತ್ತಿಗೆದಾರ ಕೊಂಡು, ಅವನಿಂದ ಇನ್ನೊಬ್ಬ ಕೊಂಡ ಮೇಲೆ, ಹಳೆಯ ರೀಕಾಲ್ ವಿಷಯ ತಿಳಿದವರು ಆ ಲಾರಿಯ ಸುತ್ತ ಯಾರೂ ಇರುವುದಿಲ್ಲ. ಉಚಿತ ದುರಸ್ತಿಯ ಹಕ್ಕು ಮೊದಲ ಮಾರಾಟದಿಂದ 15 ವರ್ಷಕ್ಕೆ ಮುಗಿಯುತ್ತದೆ, ಲಾರಿಯ ಆಯುಸ್ಸು ಅದಕ್ಕೂ ಮೀರಿ ನಡೆಯುತ್ತದೆ.

ಲಾರಿ ನಿಂತಿರುವಾಗ ಬೂಮ್ ಮುರಿದರೆ ಅದು ಕಾರ್ಮಿಕ ಸುರಕ್ಷತೆಯ ಆಡಳಿತಕ್ಕೆ ಸೇರಿದ ವಿಷಯ. ಆ ಆಡಳಿತ ಕೆಲಸ ಕೊಟ್ಟವರ ಮೇಲೆ ಕರ್ತವ್ಯ ಹೊರಿಸುತ್ತದೆ. ಓಡುವಾಗ ಅದೇ ಬೂಮ್ ಕಳಚಿದರೆ ಹೆದ್ದಾರಿ ಆಡಳಿತದ ವಿಷಯ, ಹೊಣೆ ತಯಾರಕರದು. ಇವೆರಡರ ನಡುವೆ ಚಾಲಕನ ಮೇಲೂ ಒಂದು ನಿಯಮವಿದೆ: ಹೊರಡುವ ಮುನ್ನ ಸರಕಿನ ಕಟ್ಟು ಮಾತ್ರವಲ್ಲದೆ ಹಿಂಬಾಗಿಲು, ಬದಲಿ ಚಕ್ರ ಮತ್ತು ವಾಹನದ ಕೆಲಸಕ್ಕೆ ಬೇಕಾದ ಇತರ ಉಪಕರಣಗಳೂ ಭದ್ರವಾಗಿವೆಯೇ ಎಂದು ಆತ ಖಚಿತಪಡಿಸಿಕೊಳ್ಳಬೇಕು, ಸರಕು ಮತ್ತು ಅದರ ಕಟ್ಟನ್ನು ಮೊದಲ 50 ಮೈಲಿ, ಅಂದರೆ 80 ಕಿಲೋಮೀಟರ್, ಮುಗಿಯುವುದರೊಳಗೆ ಮತ್ತೊಮ್ಮೆ ನೋಡಬೇಕು. ಚಿಲಕ ಬಿಟ್ಟುಕೊಂಡದ್ದು ಅವನಿಗೆ ಕಂಡೀತು. ಬಾಡಿಯ ಅಡಿಯಲ್ಲಿ ಬಣ್ಣ ನಲುಗಿ ಹಿಡಿತ ಕಳೆದುಕೊಂಡ ಬೋಲ್ಟು ಅವನ ಕಣ್ಣಿಗೆ ಬೀಳುವುದು ಸಾಧ್ಯವಿಲ್ಲ, ಅದಕ್ಕಾಗಿ ಅವನನ್ನು ಹೊಣೆ ಮಾಡುವುದು ಅನ್ಯಾಯ.

ಭಾರತದಲ್ಲಿ 2012ರಿಂದ ವಾಹನ ತಯಾರಕರ ಸಂಘದ ಸ್ವಯಂಪ್ರೇರಿತ ರೀಕಾಲ್ ನೀತಿ ನಡೆದುಕೊಂಡು ಬಂದು, 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು. ಅದರಡಿಯ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಇವು ಅನ್ವಯಿಸುತ್ತವೆ, ಕಡ್ಡಾಯ ರೀಕಾಲ್‌ನಲ್ಲಿ ದಂಡ 10 ಲಕ್ಷದಿಂದ ಒಂದು ಕೋಟಿ ರೂಪಾಯಿಯವರೆಗೆ ಏರಬಹುದು. ಇಂತಿಷ್ಟು ಪ್ರಮಾಣದ ಮಾಲೀಕರು ದೂರು ಕೊಟ್ಟರೆ ಸರ್ಕಾರ ಮಧ್ಯೆ ಪ್ರವೇಶಿಸಬಹುದೆಂಬ ಏರ್ಪಾಡು ಸಾವಿರಾರು ಜನ ಕೊಳ್ಳುವ ಕಾರು ಬೈಕುಗಳಿಗೆ ಹೊಂದುತ್ತದೆ. ಬೀದಿದೀಪ ದುರಸ್ತಿಗೆ ಹೈಡ್ರಾಲಿಕ್ ಏಣಿ ಹೊತ್ತು ಬರುವ ವಾಹನದ ಸ್ಥಿತಿ ಬೇರೆ: ಷಾಸಿ ಒಬ್ಬರದು, ಏಣಿ ಕೂರಿಸಿದವರು ಇನ್ನೊಬ್ಬರು, ಮಾಲೀಕತ್ವ ನಗರಪಾಲಿಕೆಯದೋ ಗುತ್ತಿಗೆದಾರನದೋ ಆಗಿರುತ್ತದೆ, ಒಂದೇ ವಿನ್ಯಾಸದವು ರಾಜ್ಯದಲ್ಲಿ ಕೆಲವೇ ಇರುತ್ತವೆ. ಅದೃಷ್ಟವಶಾತ್ ಪರೀಕ್ಷಾ ಸಂಸ್ಥೆಯ ವರದಿ ಅಥವಾ ಇತರ ಮೂಲಗಳ ಮಾಹಿತಿಯ ಮೇಲೂ ಸರ್ಕಾರ ಕ್ರಮ ಕೈಗೊಳ್ಳಬಹುದೆಂದು 110ಎ ಕಲಂ ಹೇಳುತ್ತದೆ, ದೂರು ದಾಖಲಿಸಲು ವಾಹನ್ ಜಾಲತಾಣದಲ್ಲಿ ಅವಕಾಶವೂ ಇದೆ. ಪಾಲಿಕೆಯ ವಾಹನ ವಿಭಾಗ ಮತ್ತು ವಿದ್ಯುತ್ ಸರಬರಾಜು ಕಂಪನಿಗಳು ತಮ್ಮ ವರ್ಕ್‌ಶಾಪುಗಳಲ್ಲಿ ಮುರಿದ ಬ್ರಾಕೆಟ್ಟಿಗೆ ಬೆಸುಗೆ ಹಾಕಿಸಿ ವಾಹನವನ್ನು ಮತ್ತೆ ರಸ್ತೆಗೆ ಬಿಡುವ ಮೊದಲು, ಬಾಡಿ ಕಟ್ಟಿದವರ ಹೆಸರು ಮತ್ತು ಮುರಿದ ಭಾಗದ ಫೋಟೋ ಸಮೇತ ಅಲ್ಲೊಂದು ದೂರು ದಾಖಲಿಸಬೇಕು. ಅದೇ ವಿನ್ಯಾಸದ ಇನ್ನೊಂದು ವಾಹನ ಬೇರೆ ಊರಿನಲ್ಲಿ ಓಡುತ್ತಿರುವುದು ಅವರಿಗೆ ಗೊತ್ತಿರುವುದಿಲ್ಲ.